ಕಾರ್ನೌಬಾ ಸಸಿಗಳು, ಮೊದಲ ಬಿಲ್ಲೆ ಮೇಣ: ಕೆಲಸ ಎಲ್ಲಿಗೆ ಬಂತು

ಈ ಸಲ ಎರಡು ಸುದ್ದಿ ಇದೆ. ಕುಂಡದ ಸಸಿಗಳು ಗಟ್ಟಿಯಾಗಿ ಬೇರು ಬಿಟ್ಟಿವೆ. ಕೈಯಾರೆ ಕರಗಿಸಿದ ಕಾರ್ನೌಬಾ ಮೇಣದ ಮೊದಲ ಬಿಲ್ಲೆಯೂ ಸಿದ್ಧವಾಗಿದೆ. ಆದರೆ ಆ ಮೇಣ ಈ ಸಸಿಗಳದ್ದಲ್ಲ. ಕಾರ್ನೌಬಾ ಅಂದರೆ ಗರಿಯಿಂದ ಮೇಣ ಕೊಡುವ, ತಾಳೆ ಜಾತಿಯ ಮರ. ವರ್ಷಕ್ಕೆ ಹೆಚ್ಚೆಂದರೆ ಒಂದು ಅಡಿ ಎತ್ತರ ಬೆಳೆಯುತ್ತದೆ. ಹೂ ಬಿಡಲಿಕ್ಕೇ ಹತ್ತು ವರ್ಷ ದಾಟುತ್ತದೆ. ಹಾಗಾಗಿ ಸಸಿ ನನ್ನದು, ಮೇಣ ಪಕ್ಕದವರ ಹಳೇ ತೋಪಿನದು.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಾನಿರುವುದು ಬ್ರೆಜಿಲ್‌ನ ಈಶಾನ್ಯದಲ್ಲಿ, ಸಿಯಾರಾ ರಾಜ್ಯದ ಅರಕಾಟಿ ಪಟ್ಟಣದ ಹತ್ತಿರ. ಗಾಳಿಯಂತ್ರದ ಕೆಲಸಕ್ಕೆಂದು ಬಂದವನು. ಜಗುವಾರಿಬೆ ನದಿ ಇಲ್ಲೇ ಸಮುದ್ರ ಸೇರುತ್ತದೆ. ನದಿಯ ಎರಡೂ ಕಡೆಯ ತಗ್ಗು ನೆಲದಲ್ಲಿ ಕಾರ್ನೌಬಾ ತೋಪುಗಳಿವೆ. ದೂರದಿಂದ ನೋಡಿದರೆ ನಮ್ಮ ತಾಳೆ ಮರದ ತೆಳ್ಳಗಿನ ತಮ್ಮನ ಹಾಗೆ ಕಾಣುತ್ತದೆ. ಸಸ್ಯಶಾಸ್ತ್ರದ ಹೆಸರು ಕೋಪರ್ನಿಸಿಯಾ ಪ್ರುನಿಫೆರಾ. ಖಗೋಳ ವಿಜ್ಞಾನಿ ಕೋಪರ್ನಿಕಸ್ ನೆನಪಿಗೆ ಇಟ್ಟದ್ದು. ಸಿಯಾರಾ ರಾಜ್ಯದ ಲಾಂಛನದಲ್ಲೂ ಈ ಮರ ಇದೆ.

ಬೀಜದಿಂದ ಶುರು

ಇಲ್ಲಿ ಮಳೆಗಾಲ ಫೆಬ್ರವರಿಯಿಂದ ಮೇವರೆಗೆ. ಅದಕ್ಕೆ ಮುಂಚೆ ಕಪ್ಪಗೆ ಹಣ್ಣಾಗಿ ಉದುರಿದ ಕಾಯಿಗಳನ್ನು ಆರಿಸಿಕೊಂಡೆ. ತಿರುಳು ತೆಗೆದು ಬೀಜವನ್ನು ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸುತ್ತಾ ಬಂದೆ. ಈ ಬೀಜ ಮೊಳೆಯುವ ರೀತಿ ನೋಡುವುದೇ ಚೆಂದ. ಚಿಗುರು ನೇರವಾಗಿ ಮೇಲೆ ಬರುವುದಿಲ್ಲ. ಮೊದಲು ಬೀಜದಿಂದ ಒಂದು ದಪ್ಪ ಕೊಳವೆ ಹೊರಟು ಮಣ್ಣಿನೊಳಕ್ಕೆ ಇಳಿಯುತ್ತದೆ. ಬೇರು, ಎಲೆ ಎರಡೂ ಅದರ ತುದಿಯಿಂದಲೇ ಹೊರಡುತ್ತವೆ. ಅಂದರೆ ಸಸಿ ಹುಟ್ಟುವುದು ಬೀಜದಿಂದ ದೂರದಲ್ಲಿ. ಹಾಗಾಗಿ ಆಳವಿಲ್ಲದ ಟ್ರೇ ಇದಕ್ಕೆ ಆಗುವುದಿಲ್ಲ. ಶುರುವಿನಿಂದಲೇ ಉದ್ದನೆಯ ಕುಂಡ ಅಥವಾ ಚೀಲ ಬೇಕು.

ಈಗ ಇರುವುದೆಲ್ಲಾ ಸೀಳಿಲ್ಲದ ಉದ್ದನೆಯ ಎಲೆಗಳು. ಬೀಸಣಿಗೆ ಆಕಾರದ ಗರಿ ಇನ್ನೂ ಬಂದಿಲ್ಲ, ಅದಕ್ಕೆ ಅವಸರವೂ ಇಲ್ಲ. ಮಣ್ಣು ಮರಳು ಮಿಶ್ರಿತ. ಮೇಲೆ ಬಗಾನಾ ಹೊದಿಸಿದ್ದೇನೆ. ಮೇಣ ತೆಗೆದ ಮೇಲೆ ಉಳಿಯುವ ಪುಡಿಯಾದ ಗರಿಗೆ ಇಲ್ಲಿನವರು ಹೇಳುವ ಹೆಸರು ಬಗಾನಾ. ಈ ಸುಡುಬಿಸಿಲಲ್ಲಿ ತೇವ ಹಿಡಿದಿಡಲು ಇದಕ್ಕಿಂತ ಒಳ್ಳೆಯ ಹೊದಿಕೆ ಬೇರೆ ಕಾಣೆ. ದೊಡ್ಡ ಮರ ತಿಂಗಳುಗಟ್ಟಲೆ ಬರವನ್ನೂ ತಡೆಯುತ್ತದೆ, ಬುಡದಲ್ಲಿ ನಿಂತ ನೀರನ್ನೂ ತಡೆಯುತ್ತದೆ, ಉಪ್ಪು ನೆಲವನ್ನೂ ಸಹಿಸುತ್ತದೆ. ಎಳೆ ಸಸಿಗೆ ಮಾತ್ರ ನೀರು ತಪ್ಪಬಾರದು.

ಮೇಣ ತೆಗೆದದ್ದು

ಮೇಣ ಇರುವುದು ಗರಿಯ ಮೇಲೆ, ಬಿಳಿ ಪುಡಿಯ ರೂಪದಲ್ಲಿ. ಬಿಸಿಲು, ಗಾಳಿಗೆ ತನ್ನ ನೀರು ಆರಿಹೋಗದಂತೆ ಮರ ಮಾಡಿಕೊಂಡ ಲೇಪ ಅದು. ಬೇಸಿಗೆ ಇಲ್ಲದ ಊರಲ್ಲಿ ನೆಟ್ಟರೆ ಮರ ಬರುತ್ತದೆ, ಮೇಣ ಅಷ್ಟು ಬರುವುದಿಲ್ಲ ಎನ್ನುತ್ತಾರೆ ಇಲ್ಲಿನ ಹಿರಿಯರು. ಕಟಾವು ಮಳೆ ನಿಂತ ಮೇಲೆ, ವರ್ಷದ ಕೊನೆಯ ತಿಂಗಳುಗಳಲ್ಲಿ. ಅಡಿಕೆ ಕೊಯ್ಯುವ ದೋಟಿಯಂಥದ್ದೇ ಉದ್ದನೆಯ ಗಳ, ತುದಿಗೆ ಕುಡುಗೋಲು. ಗರಿಯ ತೊಟ್ಟಿನಲ್ಲಿ ಮುಳ್ಳುಗಳಿವೆ, ಬೀಳುವಾಗ ಹುಷಾರಾಗಿರಬೇಕು.

ಇನ್ನೂ ಬಿಚ್ಚದ ಸುಳಿಯನ್ನೂ ಬಿಚ್ಚಿದ ಗರಿಯನ್ನೂ ಬೇರೆ ಬೇರೆ ಇಡಬೇಕು. ಇದು ಮುಖ್ಯ. ಸುಳಿಯ ಪುಡಿಯಿಂದ ತಿಳಿ ಹಳದಿಯ ಮೇಣ ಸಿಗುತ್ತದೆ, ಬೆಲೆ ಜಾಸ್ತಿ ಇರುವುದೂ ಅದಕ್ಕೇ. ಬಿಚ್ಚಿದ ಗರಿಯದ್ದು ಕಂದು. ಗರಿಗಳನ್ನು ಬಿಸಿಲಿಗೆ ಹರಡಿದೆ. ಎಲೆ ಒಣಗಿ ಕುಗ್ಗಿದಂತೆ ಮೇಣದ ಪದರ ಬಿಟ್ಟುಕೊಳ್ಳುತ್ತದೆ. ಇಲ್ಲಿನ ಗಾಳಿಗೆ ಅದು ಹಾರಿಯೇ ಹೋಗುತ್ತದೆ, ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ ಗೂಡಿನಲ್ಲಿ ಒಣಗಿಸುವವರೂ ಇದ್ದಾರೆ. ಗರಿ ಸೀಳಿ ಬಡಿಯುವುದು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಮಾಸ್ಕ್ ಬೇಕೇ ಬೇಕು. ಒಂದು ಗರಿಗೆ ಸಿಗುವುದು ಕೆಲವೇ ಗ್ರಾಂ.

ಪುಡಿಯನ್ನು ನೀರಿಗೆ ಹಾಕಿ ಕುದಿಸಿದೆ. ಕಾರ್ನೌಬಾ ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಕುದಿಯುವ ನೀರೇ ಸಾಕು. ಬಿಸಿ ಇರುವಾಗಲೇ ದಪ್ಪ ಹತ್ತಿ ಬಟ್ಟೆಯಲ್ಲಿ ಸೋಸಿ ತಣ್ಣಗಾಗಲು ಬಿಟ್ಟರೆ ನೀರಿನ ಮೇಲೆ ಮೇಣ ಹೆಪ್ಪುಗಟ್ಟುತ್ತದೆ. ಉಗುರಿನಿಂದ ಗೀರಿದರೆ ಗುರುತೇ ಬೀಳದಷ್ಟು ಗಟ್ಟಿ. ಬಾಗಿಸಿದರೆ ಟಕ್ಕನೆ ಮುರಿಯುತ್ತದೆ.

ಈ ಕೆಲಸ ಮಾಡಿದ ಮೇಲೆ ಒಂದು ಮಾತು ಹೇಳಲೇಬೇಕು. ಕಾರು ಪಾಲಿಷ್, ಚಾಕೊಲೇಟ್ ಗುಳಿಗೆ, ಲಿಪ್‌ಸ್ಟಿಕ್, ಮಾತ್ರೆ ಇವಕ್ಕೆಲ್ಲ ಹೊಳಪು ಕೊಡುವುದು ಈ ಪುಡಿಯೇ. ತಿಂಡಿಯ ಪೊಟ್ಟಣದ ಮೇಲೆ ಇ903 ಎಂದಿದ್ದರೆ ಅದು ಇದೇ. 1935ರಲ್ಲಿ ಅಮೆರಿಕದ ಮೇಣದ ಕಂಪನಿಯ ಒಡೆಯ ಹರ್ಬರ್ಟ್ ಜಾನ್ಸನ್ ಈ ತೋಪುಗಳನ್ನು ನೋಡಲೆಂದೇ ವಿಸ್ಕಾನ್ಸಿನ್‌ನಿಂದ ವಿಮಾನದಲ್ಲಿ ಇಲ್ಲಿಗೆ ಬಂದಿದ್ದರು. ಅಷ್ಟು ಬೇಡಿಕೆಯ ವಸ್ತು. ಆದರೆ ಬಿಸಿಲಲ್ಲಿ ಗಳ ಎತ್ತುವವರ ಕೂಲಿ ತೀರಾ ಕಡಿಮೆ. ಗುಲಾಮಗಿರಿಗೆ ಸಮನಾದ ಸ್ಥಿತಿಯಲ್ಲಿದ್ದ ಕಟಾವಿನ ಕೆಲಸಗಾರರನ್ನು ಬ್ರೆಜಿಲ್‌ನ ಕಾರ್ಮಿಕ ಇಲಾಖೆ ಬಿಡಿಸಿದ ಪ್ರಕರಣಗಳಿವೆ. ಕೊಂಡು ಬಳಸುವವರು ಈ ಮೇಣ ಯಾರ ಕೈಯಿಂದ ಬಂತು ಎಂದು ಕೇಳಬೇಕು. ನಾನು ಕೇಳುತ್ತೇನೆ. ಗರಿ ಕೊಯ್ದುಕೊಟ್ಟವರಿಗೆ ಸುಳಿಯ ಮೇಣದ ದರದಲ್ಲೇ ಹಣ ಕೊಟ್ಟೆ.

ಮರಕ್ಕೆ ಹಚ್ಚಿದ್ದು

ನನ್ನ ಮತ್ತೊಂದು ಹವ್ಯಾಸ ಲೇತ್‌ನಲ್ಲಿ ಮರ ಕಡೆಯುವುದು. ಚನ್ನಪಟ್ಟಣದಲ್ಲಿ ತಿರುಗುವ ಗೊಂಬೆಗೆ ಅರಗಿನ ಕಡ್ಡಿ ಒತ್ತಿ, ಉಜ್ಜುವ ಬಿಸಿಗೇ ಕರಗಿಸಿ ಬಣ್ಣ ಹಿಡಿಸುತ್ತಾರೆ ಅಲ್ವಾ, ಕಾರ್ನೌಬಾವನ್ನೂ ಹಾಗೇ ಹಚ್ಚಬಹುದು. ಮೇಣದ ತುಂಡನ್ನು ತಿರುಗುವ ಬಟ್ಟಲಿಗೆ ಒತ್ತಿ, ಆಮೇಲೆ ಬಟ್ಟೆ ಹಿಡಿದರೆ ಸಾಕು. ಒಳ್ಳೆಯ ಗಟ್ಟಿ ಹೊಳಪು ಬಂತು.

ಸೌಟು, ಮಣೆಗೆ ಹಚ್ಚಲು ಮೆತ್ತಗಿನ ಪಾಲಿಷ್ ಬೇಕು. 10 ಗ್ರಾಂ ಕಾರ್ನೌಬಾ, 20 ಗ್ರಾಂ ಜೇನುಮೇಣ, 120 ಗ್ರಾಂ ಔಷಧಿ ಅಂಗಡಿಯ ಮಿನರಲ್ ಎಣ್ಣೆ. ಮೂರನ್ನೂ ಬಿಸಿನೀರಿನ ಮೇಲಿಟ್ಟ ಪಾತ್ರೆಯಲ್ಲಿ ಕರಗಿಸಿ. ಮೊದಲು ಕಾರ್ನೌಬಾ ಹಾಕಿ, ಕರಗಲು ಅದಕ್ಕೇ ಬಿಸಿ ಜಾಸ್ತಿ ಬೇಕು. ಇಳಿಸಿದ ಮೇಲೆ ಗಟ್ಟಿಯಾಗುವವರೆಗೆ ಕೈಯಾಡಿಸುತ್ತಿರಿ, ಇಲ್ಲದಿದ್ದರೆ ಕಾರ್ನೌಬಾ ಮೊದಲು ಹೆಪ್ಪುಗಟ್ಟಿ ಹರಳು ಹರಳಾಗುತ್ತದೆ.

ಮುಂದಿನ ಕೆಲಸ

ಮುಂದಿನ ಮಳೆ ಶುರುವಾದ ಮೇಲೆ ಸಸಿಗಳನ್ನು ನದಿ ಕಡೆಯ ತಗ್ಗಿನಲ್ಲಿ ನೆಡಬೇಕು. ಅದಕ್ಕೂ ಮೊದಲು ಅಲ್ಲಿ ಮಡಗಾಸ್ಕರ್ ಮೂಲದ ರಬ್ಬರ್ ಬಳ್ಳಿಯನ್ನು ಬೇರು ಸಮೇತ ಕೀಳಬೇಕಿದೆ. ಇಲ್ಲಿನವರು ಅದನ್ನು ಸೈತಾನನ ಉಗುರು ಎನ್ನುತ್ತಾರೆ. ಅದು ಮರದ ತುದಿಯವರೆಗೆ ಹಬ್ಬಿ, ಬಿಸಿಲು ಬೀಳದಂತೆ ಮುಚ್ಚಿ, ಎತ್ತರದ ಕಾರ್ನೌಬಾವನ್ನೂ ಸಾಯಿಸುತ್ತದೆ. ಹಾಲು ಕೈಗೆ ತಾಗಬಾರದು, ಹಾಗಾಗಿ ಉದ್ದ ಗ್ಲೌಸ್ ತಂದಿಟ್ಟಿದ್ದೇನೆ. ಕೀಳುವ ಕೆಲಸ ಈ ವಾರದಿಂದ ಶುರು.