ಸ್ಕೋರ್ ಬಂತು, ಆಮೇಲೆ ವಾಸನೆನೂ ಬಂತು

ನಮ್ಮ ಸರ್ವಿಸ್ ಸೆಂಟರ್‌ನಲ್ಲಿ 'ಪರ್ಫಾರ್ಮೆನ್ಸ್ ಟ್ಯೂನ್' ಅಂತ ಒಂದು ಜಾಬ್ ಟೈಪ್ ಇದೆ. ಅದನ್ನ ಹುಟ್ಟಿಹಾಕಿದ್ದು ನಮ್ಮ ಮ್ಯಾನೇಜರ್, ಅವ್ರು ಕೊನೇ ಸಲ ಸ್ಕ್ರೂಡ್ರೈವರ್ ಹಿಡಿದಿದ್ದು ಯಾವಾಗಲೋ ದೇವ್ರೇ ಬಲ್ಲ. ಜಾಬ್ ಶೀಟ್‌ನಲ್ಲಿ ಬಿಫೋರ್, ಆಫ್ಟರ್ ಅಂತ ಎರಡು ಕಾಲಂ, ಎರಡರಲ್ಲೂ ಹೆವನ್ (ಗ್ರಾಫಿಕ್ಸ್ ವೇಗ ಅಳೆಯೋ ಸಾಫ್ಟ್‌ವೇರ್) ಸ್ಕೋರ್ ಹಾಕಬೇಕು, ಪರ್ಸೆಂಟೇಜ್ ತಾನೇ ಲೆಕ್ಕ ಆಗಿ ಮೇಲಿನವರಿಗೆ ಹೋಗುತ್ತೆ, ತಿಂಗಳ ಕೊನೆಗೆ ಯಾರದ್ದು ಎಷ್ಟು ಅಂತ ಮೀಟಿಂಗ್. ಹಳೇ ಪಿಸಿ ಓವರ್‌ಕ್ಲಾಕ್ ಮಾಡೋದು, ಅಂದ್ರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸೋದು, ನಂಗೆ ಇಷ್ಟದ ಕೆಲಸಾನೇ, ಅದಕ್ಕೆ ಅಂಥ ಟಿಕೆಟ್ ಬಂದ್ರೆ ನಾನೇ ಕೈ ಎತ್ತಿ ತಗೊಳ್ತೀನಿ. ಈ ಸಲಾನೂ ಹಾಗೇ ತಗೊಂಡೆ.

ಮೆಷಿನ್ ಐ5-2500ಕೆ ಪ್ರೊಸೆಸರ್, ಝಡ್68 ಬೋರ್ಡ್, ಡಿಡಿಆರ್3 ಮೆಮೊರಿ ಎರಡು ಸ್ಟಿಕ್, ಆರ್‌ಎಕ್ಸ್ 580 8ಜಿಬಿ ಗ್ರಾಫಿಕ್ಸ್ ಕಾರ್ಡ್. ಕಾರ್ಡ್ 2017ರದ್ದು, ಪ್ರೊಸೆಸರ್ 2011ರದ್ದು, ಮಧ್ಯದಲ್ಲಿ ಯಾರೋ ಪರಿಚಯದವರು ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದು ಕೂರಿಸಿಕೊಟ್ಟಿದ್ದಾರೆ. 2500ಕೆ ಕಂಡ್ರೆ ನನ್ನಂಥವರಿಗೆ ಇವತ್ತಿಗೂ ಒಂಥರಾ ಪ್ರೀತಿ. ಮುಚ್ಚಳದ ಕೆಳಗೆ ಬಿಸಿ ದಾಟಿಸೋಕೆ ಸೋಲ್ಡರ್ ಹಾಕಿದ್ರು, ಮುಂದಿನ ವರ್ಷ ಐವಿ ಬ್ರಿಡ್ಜ್ ಪೀಳಿಗೆಗೆ ಬಂದಾಗ ಅಲ್ಲಿ ಬರೀ ಪೇಸ್ಟ್ ಬಳಿದು ಬಿಟ್ರು, ಹಾಗಾಗಿ ಸ್ಯಾಂಡಿ ಬ್ರಿಡ್ಜ್ (2500ಕೆಯ ಪೀಳಿಗೆ) 4.5 ಗಿಗಾಹರ್ಟ್ಜ್‌ಗೆ ಹೋದ್ರೂ ಒಳ್ಳೇ ಕೂಲರ್ ಇದ್ರೆ ಸಾಕು ತಣ್ಣಗಿರುತ್ತೆ. ಎಲ್ಲಾ ಮಲ್ಟಿಪ್ಲೈಯರ್‌ನಲ್ಲೇ ಮಾಡಬೇಕು ಅಷ್ಟೇ, ಬಿಸಿಎಲ್‌ಕೆ, ಅಂದ್ರೆ ಮಲ್ಟಿಪ್ಲೈಯರ್ ಗುಣಿಸೋ ಮೂಲ ಕ್ಲಾಕ್, 100ರಿಂದ ಜಾಸ್ತಿ ಅಲ್ಲಾಡಿಸಂಗಿಲ್ಲ, ಪಿಸಿಐಇ, ಸಾಟಾ ಎಲ್ಲಾ ಅದಕ್ಕೇ ಕಟ್ಟಿಹಾಕಿರೋದು.

ಕಸ್ಟಮರ್ ಹೇಳಿದ್ದು ಏನಂದ್ರೆ, ಗೇಮ್‌ನಲ್ಲಿ ಸುಮ್ನೆ ನಿಂತಾಗ ಚೆನ್ನಾಗಿದೆ, ವೇಗವಾಗಿ ತಿರುಗಿದ್ರೆ, ಹೊಸ ಜಾಗಕ್ಕೆ ಹೋದ್ರೆ ತಡವರಿಸುತ್ತೆ, ಅದು ಸರಿ ಹೋದ್ರೆ ಸಾಕು. ಫ್ರಂಟ್ ಡೆಸ್ಕ್ ಅದನ್ನ ಟಿಕೆಟ್‌ನಲ್ಲಿ ಬರೆದಿದ್ದು 'ಲೋ ಎಫ್‌ಪಿಎಸ್, ಜಿಪಿಯು ಓಸಿ', ಅಂದ್ರೆ ಸೆಕೆಂಡ್‌ಗೆ ಬರೋ ಫ್ರೇಮ್ ಕಮ್ಮಿ, ಗ್ರಾಫಿಕ್ಸ್ ಚಿಪ್ ಓವರ್‌ಕ್ಲಾಕ್ ಮಾಡಿ. ನಾನು ಓದಿದ್ದು ಟಿಕೆಟ್ ಮಾತ್ರ. ಕಸ್ಟಮರ್ ಹತ್ರ ಎರಡು ನಿಮಿಷ ಮಾತಾಡಿದ್ರೆ ಇದು ಗ್ರಾಫಿಕ್ಸ್ ಕಾರ್ಡ್ ಸುಸ್ತಾಗಿರೋದಲ್ಲ, ಪ್ರೊಸೆಸರ್ ಅಥವಾ ಮೆಮೊರಿ ಕಡೆ ಏನೋ ಇದೆ ಅಂತ ಗೊತ್ತಾಗ್ತಿತ್ತು, ಆದ್ರೆ ಕಸ್ಟಮರ್ ಹತ್ರ ಟೆಕ್ನಿಷಿಯನ್ ಮಾತಾಡೋದಕ್ಕೆ ಶೀಟ್‌ನಲ್ಲಿ ಟೈಮ್ ಕೋಡ್ ಇಲ್ಲ.

ಬೆಂಚ್ ಮೇಲಿಟ್ಟು, ಎಡಗಡೆ ಸೈಡ್ ಪ್ಯಾನಲ್ ತೆಗೆದು, ಧೂಳು ಊದಿ, ಬಿಫೋರ್ ರನ್ ಹೊಡೆದೆ. ಆಮೇಲೆ ಆಫ್ಟರ್‌ಬರ್ನರ್ ಅನ್ನೋ ಓವರ್‌ಕ್ಲಾಕ್ ಸಾಫ್ಟ್‌ವೇರ್ ತೆರೆದು ಪವರ್ ಲಿಮಿಟ್ (ಕಾರ್ಡ್ ಎಷ್ಟು ಕರೆಂಟ್ ಎಳೀಬಹುದು ಅನ್ನೋ ಮಿತಿ) ಸ್ಲೈಡರ್ ಬಲಗಡೆ ತುದಿಗೆ, +50 ಪರ್ಸೆಂಟ್‌ಗೆ ಎಳೆದುಬಿಟ್ಟೆ. ಪೊಲಾರಿಸ್ (ಆರ್‌ಎಕ್ಸ್ 580ರ ಚಿಪ್ ಪೀಳಿಗೆ) ಕಾರ್ಡ್‌ಗೆ ಎಲ್ರೂ ಮೊದಲು ಮಾಡೋದು ಅದನ್ನೇ, ಇಲ್ಲಾಂದ್ರೆ ಕೋರ್ ಕ್ಲಾಕ್ ಹೇಳಿದ ಕಡೆ ನಿಲ್ಲಲ್ಲ, ಮೇಲೆ ಕೆಳಗೆ ಓಲಾಡ್ತಿರುತ್ತೆ. ಕೋರ್ 1430, ಮೆಮೊರಿ 2000ದಿಂದ 2200 ಮೆಗಾಹರ್ಟ್ಜ್. ಹೆವನ್ ಓಡಿಸಿದೆ, ಆರ್ಟಿಫ್ಯಾಕ್ಟ್ (ಪರದೆ ಮೇಲೆ ಕಲೆ, ಚುಕ್ಕೆ) ಇಲ್ಲ, ಟೆಂಪರೇಚರ್ 74, ಸ್ಕೋರ್ ಮೇಲೆ ಹೋಯ್ತು. ಆ ಖುಷಿಗೆ ಪ್ರೊಸೆಸರ್‌ಗೂ ಮಲ್ಟಿಪ್ಲೈಯರ್ 44 ಕೊಟ್ಟು, ಆಫ್ಟರ್ ಕಾಲಂ ತುಂಬಿಸಿ, ಡೆಲಿವರಿ ರ‍್ಯಾಕ್‌ಗೆ ಹಾಕಿದೆ. ಹೆವನ್ 2009ರ ಬೆಂಚ್‌ಮಾರ್ಕ್ ಸ್ವಾಮಿ, ಪ್ರೊಸೆಸರ್‌ಗೆ ಅದರಲ್ಲಿ ಕೆಲಸಾನೇ ಇಲ್ಲ, ಜಿಪಿಯು ಒಂದೇ ದುಡೀತಾ ಇರುತ್ತೆ. ಅದೊಂದನ್ನೇ ಓಡಿಸಿ ಸ್ಟೇಬಲ್ ಅಂತ ಸೈನ್ ಹಾಕೋದು ನಮ್ಮಲ್ಲಿ ಪ್ರೊಸೀಜರ್.

ಸಂಜೆ ಕಸ್ಟಮರ್ ಬಂದ್ರು, ಮಗನನ್ನೂ ಕರ್ಕೊಂಡು. ಡೆಮೋ ಕೌಂಟರ್‌ನಲ್ಲಿ ಕನೆಕ್ಟ್ ಮಾಡಿ ಅವ್ರ ಗೇಮೇ ಹಾಕಿದ್ವಿ, ಹುಡುಗ ಆಡೋಕೆ ಕೂತ. ಸ್ವಲ್ಪ ಹೊತ್ತು ಆಯ್ತು, ಚಟ್ ಅಂತ ಆಫ್. ಒಂದೆರಡು ಸೆಕೆಂಡ್ ಬಿಟ್ಟು ತಾನೇ ಆನ್.

ಇಲ್ಲಿ ನಾನು ಮಾಡಿದ್ದು ನೆನೆಸಿಕೊಂಡ್ರೆ ಇವತ್ತಿಗೂ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಜಿಪಿಯು ಓವರ್‌ಕ್ಲಾಕ್ ಹೆಚ್ಚಾದ್ರೆ ಏನಾಗುತ್ತೆ ಅಂತ ನಂಗೆ ಗೊತ್ತು, ಸ್ಕ್ರೀನ್ ಹೆಪ್ಪುಗಟ್ಟುತ್ತೆ, ವಿಂಡೋಸ್ 2 ಸೆಕೆಂಡ್ ಕಾದು ಡ್ರೈವರ್ ರೀಸೆಟ್ ಮಾಡುತ್ತೆ, ಕಪ್ಪಾಗಿ ವಾಪಸ್ ಬರುತ್ತೆ, ಬರದಿದ್ರೆ 0x116 ಎರರ್ ಕೋಡ್. ಪ್ರೊಸೆಸರ್‌ಗೆ ವೋಲ್ಟೇಜ್ ಸಾಲದೆ ಹೋದ್ರೆ ಸ್ಯಾಂಡಿ ಬ್ರಿಡ್ಜ್‌ನಲ್ಲಿ 0x101 ಇಲ್ಲಾ 0x124, ನೀಲಿ ಪರದೆ. ಇಲ್ಲಿ ಅದ್ಯಾವುದೂ ಇಲ್ಲ. ಸೌಂಡ್ ಕೂಡ ಗರಗರ ಅನ್ನಲಿಲ್ಲ. ವಿಂಡೋಸ್ ತನ್ನ ದಾಖಲೆ ಇಡೋ ಈವೆಂಟ್ ವ್ಯೂವರ್ ತೆರೆದೆ, ಕರ್ನಲ್-ಪವರ್ 41, ಬಗ್‌ಚೆಕ್ ಕೋಡ್ 0. ಸೊನ್ನೆ ಅಂದ್ರೆ ವಿಂಡೋಸ್‌ಗೆ ಸಾಯೋ ಮುಂಚೆ ಒಂದಕ್ಷರ ಬರೆಯೋಕೂ ಟೈಮ್ ಸಿಕ್ಕಿಲ್ಲ, ಕರೆಂಟೇ ಹೋಗಿದೆ ಅಂತ ಮೊದಲು ಅನುಮಾನ ಪಡಬೇಕು. ಇದನ್ನ ನಾನೇ ಟ್ರೈನಿಗಳಿಗೆ ಬೋರ್ಡ್ ಮೇಲೆ ಬರೆದು ಹೇಳಿಕೊಟ್ಟಿದ್ದೀನಿ. ಆದ್ರೂ ಹಿಂದೆ ಮೂರು ಜನ ನಿಂತು ಮಾನಿಟರ್ ನೋಡ್ತಿದ್ದಾಗ ನನ್ನ ಬಾಯಿಂದ ಬಂದಿದ್ದು, "ಏನಿಲ್ಲ ಸರ್, ವಿಕೋರ್ ಸ್ವಲ್ಪ ಕಮ್ಮಿ ಆಯ್ತು, ಒಂದು ನಿಮಿಷ."

ಬಯಾಸ್‌ಗೆ ಹೋಗಿ ವಿಕೋರ್, ಅಂದ್ರೆ ಪ್ರೊಸೆಸರ್ ವೋಲ್ಟೇಜ್, ಏರಿಸಿದೆ, ಲೋಡ್ ಬಿದ್ದಾಗ ಅದು ಕುಸಿಯದ ಹಾಗೆ ನೋಡ್ಕೊಳ್ಳೋ ಲೋಡ್ ಲೈನ್ ಒಂದು ಹೆಜ್ಜೆ ಜೋರು ಮಾಡಿದೆ. ಅಂದ್ರೆ ಕರೆಂಟ್ ಸಾಲದೆ ಬೀಳ್ತಿರೋ ಮೆಷಿನ್‌ಗೆ ಇನ್ನೂ ಜಾಸ್ತಿ ಕರೆಂಟ್ ಎಳಿ ಅಂತ ನಾನೇ ಹೇಳಿದ ಹಾಗೆ. ವೋಲ್ಟೇಜ್ ಏರಿಸಿದ್ರೆ ವಾಟ್ ಅದರ ವರ್ಗದ ಲೆಕ್ಕದಲ್ಲಿ ಏರುತ್ತೆ, ಕ್ಲಾಕ್ ಅಷ್ಟೇ ಏರಿಸಿದಷ್ಟು ಸಸ್ತಾ ಅಲ್ಲ. ಮತ್ತೆ ಗೇಮ್ ಹಾಕಿದ್ವಿ, ಈ ಸಲ ಇನ್ನೂ ಬೇಗ ಆಫ್. ಹುಡುಗ ಅವ್ರಪ್ಪನ ಮುಖ ನೋಡ್ದ, ಅವ್ರು ನನ್ನ ಮುಖ ನೋಡಿದ್ರು, ನಾನು ಸ್ಕ್ರೀನ್ ನೋಡ್ತಾ ಕೋರ್ ಕ್ಲಾಕ್ ಇಪ್ಪತ್ತು ಮೆಗಾಹರ್ಟ್ಜ್ ಇಳಿಸಿದೆ, ಪವರ್ ಲಿಮಿಟ್ ಮುಟ್ಟಲೇ ಇಲ್ಲ ಯಾಕಂದ್ರೆ ಅದು ಇಳಿಸಿದ್ರೆ ಶೀಟ್‌ನಲ್ಲಿ ಬರೆದ ಸ್ಕೋರ್ ಬರಲ್ಲ, ಮತ್ತೆ ಬಿಲ್ ಎಡಿಟ್ ಮಾಡೋಕೆ ಮ್ಯಾನೇಜರ್ ಅಪ್ರೂವಲ್ ಬೇಕು, ಅದೇ ತಲೇಲಿ ಓಡ್ತಿತ್ತು. ಪಕ್ಕದಲ್ಲಿದ್ದ ಟ್ರೈನಿ ಹುಡುಗಿ "ಸರ್ ಏನೋ ವಾಸನೆ ಬರ್ತಿದೆ" ಅಂದ್ಲು. ಹೊಸ ಪೇಸ್ಟ್ ಬಿಸಿ ಆದ್ರೆ ಬರುತ್ತೆ ಅಂದೆ. ನಾನು ಪೇಸ್ಟೇ ಬದಲಾಯಿಸಿರಲಿಲ್ಲ! ಅವ್ಳು ಇನ್ನೊಂದು ಮಾತಾಡದೆ ಹಿಂದೆ ಕೈ ಹಾಕಿ ಎಸ್‌ಎಂಪಿಎಸ್ (ಪವರ್ ಸಪ್ಲೈ) ಸ್ವಿಚ್ ಆಫ್ ಮಾಡಿದ್ಲು.

ಬಲಗಡೆ ಪ್ಯಾನಲ್ ಬಿಚ್ಚಿದ್ವಿ, ನಾನು ಮೊದಲಿಂದ ತೆಗೆಯದೇ ಇದ್ದ ಪ್ಯಾನಲ್. ಕಾರ್ಡ್‌ನ 8 ಪಿನ್ ಪವರ್ ಕೇಬಲ್ ಎಸ್‌ಎಂಪಿಎಸ್‌ಗೆ ನೇರ ಹೋಗೇ ಇಲ್ಲ. ಎರಡು ಸಾಟಾ (ಹಾರ್ಡ್‌ಡಿಸ್ಕ್‌ಗೆ ಕರೆಂಟ್ ಕೊಡೋ ಕನೆಕ್ಟರ್) ಸೇರಿಸಿ ಒಂದು 8 ಪಿನ್ ಮಾಡೋ ಕನ್ವರ್ಟರ್, ಆ ಎರಡು ಸಾಟಾನೂ ಒಂದೇ ಕೇಬಲ್‌ನಿಂದ ಬಂದಿರೋದು, ಹಾರ್ಡ್‌ಡಿಸ್ಕ್ ಕೂಡ ಅದರಲ್ಲೇ. ಒಂದು ಸಾಟಾ ಕನೆಕ್ಟರ್ ಕಂದುಬಣ್ಣಕ್ಕೆ ತಿರುಗಿ ಕರಗಿ, ಬಿಚ್ಚೋಕೆ ಹೋದ್ರೆ ಪ್ಲಾಸ್ಟಿಕ್ ಎಳೆ ಎಳೆಯಾಗಿ ಬಂತು.

ಲೆಕ್ಕ ಇಷ್ಟೇ. ಸಾಟಾ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಪಿನ್‌ಗೆ 1.5 ಆಂಪ್, ಒಟ್ಟು 4.5 ಆಂಪ್, ಅಂದ್ರೆ 54 ವಾಟ್. ಎರಡು ಸೇರಿದ್ರೂ 108. ಕಾರ್ಡ್ ಮಾತ್ರ 8 ಪಿನ್ ನೋಡಿ 150 ವಾಟ್ ಸಿಗುತ್ತೆ ಅಂತ ನಂಬುತ್ತೆ, ಅದಕ್ಕೆ ಕನ್ವರ್ಟರ್ ಹಿಂದೆ ಏನಿದೆ ಅಂತ ಗೊತ್ತಾಗಲ್ಲ. ಆರ್‌ಎಕ್ಸ್ 580 ಸ್ಟಾಕ್‌ನಲ್ಲೇ 185 ವಾಟ್‌ನ ಕಾರ್ಡ್, ಸ್ಲಾಟ್‌ನಿಂದ ಹೆಚ್ಚಂದ್ರೆ 75, ಉಳಿದಿದ್ದು ಆ ಕೇಬಲ್‌ನಿಂದಾನೇ ಬರಬೇಕು. ಅದರ ಮೇಲೆ ನಾನು +50. ಪೊಲಾರಿಸ್‌ನಲ್ಲಿ ಸ್ಕ್ರೀನ್ ಮೇಲೆ ಕಾಣೋ ವಾಟ್ ಬರೀ ಚಿಪ್‌ದು, ಮೆಮೊರಿ, ಫ್ಯಾನ್, ವೋಲ್ಟೇಜ್ ಇಳಿಸೋ ವಿಆರ್‌ಎಂನಲ್ಲಿ ಸೋರೋದು ಅದರಲ್ಲಿ ಸೇರಲ್ಲ, ಹಾಗಾಗಿ ನಂಬರ್ ನೋಡಿ ನಾನು ಆರಾಮಾಗಿದ್ದೆ. ಬೆಂಚ್ ಮೇಲೆ ಹೆವನ್‌ನಲ್ಲಿ ಬೀಳಲಿಲ್ಲ ಯಾಕಂದ್ರೆ ಪ್ರೊಸೆಸರ್ ಸುಮ್ನಿತ್ತು. ಗೇಮ್‌ನಲ್ಲಿ ಎರಡೂ ಒಟ್ಟಿಗೆ ಎಳೆದ್ವು, ಅಷ್ಟೊತ್ತಿಗೆ ಕನೆಕ್ಟರ್ ಬೇರೆ ಕಾದಿತ್ತು, ಕಾದ ಕಾಂಟ್ಯಾಕ್ಟ್‌ನ ರೆಸಿಸ್ಟೆನ್ಸ್ ಇನ್ನೂ ಜಾಸ್ತಿ ಆಗುತ್ತೆ, 12 ವೋಲ್ಟ್ ಕುಸಿದು ಎಸ್‌ಎಂಪಿಎಸ್ ಕೈ ಎತ್ತಿದೆ. ಕನ್ವರ್ಟರ್ ನಾನು ಹಾಕಿದ್ದಲ್ಲ ನಿಜ. ಅದು ಎಷ್ಟೋ ದಿನದಿಂದ ಸ್ಟಾಕ್‌ನಲ್ಲಿ ಹೆಂಗೋ ತಳ್ಕೊಂಡು ಬಂದಿತ್ತು, ಕರಗಿಸಿದ್ದು ನನ್ನ ಸ್ಲೈಡರ್.

ಅದೃಷ್ಟಕ್ಕೆ ಕಾರ್ಡ್, ಬೋರ್ಡ್, ಡಿಸ್ಕ್ ಎಲ್ಲಾ ಬದುಕಿದ್ವು. ಸರಿಯಾದ 8 ಪಿನ್ ಲೀಡ್ ಇರೋ ಎಸ್‌ಎಂಪಿಎಸ್ ಹಾಕಿ, ಎಲ್ಲಾ ಡೀಫಾಲ್ಟ್‌ಗೆ ತಂದು ಮೊದಲಿಂದ ಶುರು ಮಾಡಿದೆ, ಈ ಸಲ ಟಿಕೆಟ್ ಪಕ್ಕಕ್ಕಿಟ್ಟು ಗೇಮ್ ಹಾಕಿ, ಅದರ ಮೇಲೇ ನಂಬರ್ ತೋರಿಸೋ ಓಎಸ್‌ಡಿ ನೋಡ್ತಾ ಕೂತೆ. ತಡವರಿಸೋ ಕ್ಷಣದಲ್ಲಿ ಜಿಪಿಯು ಯೂಸೇಜ್ ಅರ್ಧಕ್ಕೆ ಬೀಳ್ತಿದೆ, ನಾಲ್ಕು ಕೋರ್‌ಗಳೂ 100. ಜಿಪಿಯು ಅಲ್ಲಿ ಕೆಲಸ ಇಲ್ಲದೆ ಕಾಯ್ತಾ ಇದೆ, ನಾನು ಅದಕ್ಕೇ ಟಾನಿಕ್ ಕುಡಿಸ್ತಾ ಇದ್ದೆ. ಹಾರ್ಡ್‌ವೇರ್ ವಿವರ ತೋರಿಸೋ ಸಿಪಿಯು-ಝಡ್ ತೆರೆದ್ರೆ ಮೆಮೊರಿ ಸಿಂಗಲ್ ಚಾನಲ್ (ಎರಡು ದಾರಿ ಇದ್ರೂ ಒಂದರಲ್ಲೇ ಓಡ್ತಿದೆ), ವೇಗ 1333. ಸ್ಟಿಕ್ಸ್ ಎರಡೂ ಒಂದೇ ಚಾನಲ್‌ನ ಅಕ್ಕಪಕ್ಕದ ಸ್ಲಾಟ್‌ನಲ್ಲಿ ಕೂತಿವೆ, ಸ್ಟಿಕ್ಕರ್ ಮೇಲೆ 1600 ಅಂತ ಇದೆ, ಆ ವೇಗ ಕೊಡೋ ಎಕ್ಸ್‌ಎಂಪಿ ಪ್ರೊಫೈಲ್ ಆನ್ ಮಾಡೇ ಇಲ್ಲ. ಒಂದು ಸ್ಟಿಕ್ ಕಿತ್ತು ಒಂದು ಸ್ಲಾಟ್ ಬಿಟ್ಟು ಹಾಕಿದೆ, ಬಯಾಸ್‌ನಲ್ಲಿ ಪ್ರೊಫೈಲ್ ಆನ್. ಅದರಲ್ಲೇ ತಡವರಿಕೆ ಮುಕ್ಕಾಲು ಪಾಲು ಹೋಯ್ತು, ಒಂದು ವಾಟ್ ಖರ್ಚಿಲ್ಲದೆ. ಮಲ್ಟಿಪ್ಲೈಯರ್ 42ಕ್ಕೆ ನಿಲ್ಲಿಸಿದೆ, ಪೇಸ್ಟ್ ಈ ಸಲ ನಿಜವಾಗ್ಲೂ ಬದಲಾಯಿಸಿದೆ.

ಜಿಪಿಯುಗೆ ಮಾಡಿದ್ದು ಉಲ್ಟಾ ಕೆಲಸ, ಅಂಡರ್‌ವೋಲ್ಟ್. ಈ ಕಾರ್ಡ್ 1150 ಮಿಲಿವೋಲ್ಟ್‌ನಲ್ಲಿ ಓಡ್ತಿತ್ತು, 1080ಕ್ಕೆ ಇಳಿಸಿದ್ರೂ ಸ್ಟಾಕ್ ಕ್ಲಾಕ್ ಅಲ್ಲಾಡದೆ ನಿಂತ್ಕೊಳ್ತು, ಫ್ಯಾನ್ ಸದ್ದೂ ಇಳೀತು. ಎಲ್ಲಾ ಚಿಪ್ಪೂ ಇಷ್ಟು ಒಪ್ಪಲ್ಲ, ಒಂದೊಂದರ ಹಣೆಬರಹ ಒಂದೊಂದು. ಆಮೇಲೆ ಮೆಮೊರಿ, ಇದು ಮಾತ್ರ ನಂಗೆ ನಿಜಕ್ಕೂ ಚುಚ್ಚಿದ್ದು: 2200ರಲ್ಲಿ ಆರ್ಟಿಫ್ಯಾಕ್ಟ್ ಇಲ್ಲ ಅಂತ ಹೆಮ್ಮೆಯಿಂದ ಬಿಟ್ಟಿದ್ನಲ್ಲ, ಮತ್ತೆ ಅಷ್ಟಕ್ಕೇ ಇಟ್ಟು, ಸೆನ್ಸರ್ ಓದೋ ಎಚ್‌ಡಬ್ಲ್ಯೂಇನ್ಫೋ ತೆರೆದು 'ಜಿಪಿಯು ಮೆಮೊರಿ ಎರರ್ಸ್' ಸಾಲು ನೋಡಿದ್ರೆ ಮೀಟರ್ ಓಡಿದ ಹಾಗೆ ಓಡ್ತಿದೆ. ಕಾರ್ಡ್‌ನ ಜಿಡಿಡಿಆರ್5 ಮೆಮೊರಿ ಲಿಂಕ್‌ನಲ್ಲಿ ತಪ್ಪು ಬಂದ್ರೆ ಹಿಡಿದು ಮತ್ತೆ ಕಳಿಸುತ್ತೆ, ಹಾಗಾಗಿ ಪರದೆ ಮೇಲೆ ಏನೂ ಕಾಣಲ್ಲ, ಫ್ರೇಮ್ ಟೈಮ್ ಮಾತ್ರ ಹಾಳಾಗುತ್ತೆ. 2050ಕ್ಕೆ ಇಳಿಸಿದ ಮೇಲೆ ಎರರ್ ಸೊನ್ನೆ. ಕಸ್ಟಮರ್ ತಡವರಿಸುತ್ತೆ ಅಂತ ತಂದ ಮೆಷಿನ್‌ಗೆ ನಾನು ಇನ್ನಷ್ಟು ತಡವರಿಕೆ ಸೇರಿಸಿ ಬಿಲ್ ಹಾಕಿದ್ದೆ.

ಈಗ ಹೆವನ್ ಓಡಿಸಿದ್ರೆ ಸ್ಕೋರ್ ಬಿಫೋರ್‌ಗಿಂತ ಚೂರೇ ಚೂರು ಜಾಸ್ತಿ, ನನ್ನ ಮೊದಲ ಆಫ್ಟರ್‌ಗಿಂತ ಎಷ್ಟೋ ಕಮ್ಮಿ. ಗೇಮ್‌ನಲ್ಲಿ ಆವರೇಜ್ ಎಫ್‌ಪಿಎಸ್ ಕೂಡ ಭಾರಿ ಏನಿಲ್ಲ, ಆದ್ರೆ 1% ಲೋ, ಅಂದ್ರೆ ತೀರಾ ನಿಧಾನದ 1% ಫ್ರೇಮ್‌ಗಳ ಎಫ್‌ಪಿಎಸ್, ಎದ್ದು ಕೂತಿದೆ. ಹುಡುಗ ತಿರುಗಿ ತಿರುಗಿ ನೋಡಿ "ಈಗ ಸೂಪರ್" ಅಂದ. ಆದ್ರೆ 1% ಲೋಗೆ ಶೀಟ್‌ನಲ್ಲಿ ಕಾಲಂ ಇಲ್ವಲ್ಲ, ರಿಮಾರ್ಕ್ಸ್‌ನಲ್ಲಿ ಬರೆದೆ, ಅದು ಅರ್ಧ ವಾಕ್ಯಕ್ಕೆ ಕಟ್ ಆಯ್ತು. ಮೀಟಿಂಗ್‌ನಲ್ಲಿ ಮ್ಯಾನೇಜರ್ ಕೇಳಿದ್ದು, ಈ ಜಾಬ್‌ನಲ್ಲಿ ಪರ್ಸೆಂಟೇಜ್ ಯಾಕೆ ಬಿದ್ದಿದೆ ಅಂತ. ಕರಗಿದ ಕನೆಕ್ಟರ್ ತಗೊಂಡು ಹೋಗಿ ಟೇಬಲ್ ಮೇಲಿಟ್ಟೆ. ಎತ್ತಿ ನೋಡಿ, "ಇದು ಕಸ್ಟಮರ್ ಕಡೆಯ ತಪ್ಪು ತಾನೆ, ನಮ್ಮದಲ್ವಲ್ಲ" ಅಂತ ನೆಮ್ಮದಿಯಿಂದ ವಾಪಸ್ ಕೊಟ್ರು.

ಅದಾದ ಮೇಲೆ ಶೀಟ್‌ಗೆ 'ಎಸ್‌ಎಂಪಿಎಸ್ ಮತ್ತು ಕೇಬಲ್ ಚೆಕ್' ಅಂತ ಹೊಸ ಬಾಕ್ಸ್ ಬಂತು. ಒಳ್ಳೇದೇ, ಆದ್ರೆ ಟಿಕೆಟ್ ತೆರೆದ ತಕ್ಷಣ ಅದು ಮೊದಲೇ ಟಿಕ್ ಆಗಿರುತ್ತೆ, ಬೇಡ ಅಂದ್ರೆ ತೆಗೀಬೇಕಂತೆ. ಅದಕ್ಕೆ ಟ್ರೈನಿ ಹುಡುಗಿನೇ ಒಂದು ಅಭ್ಯಾಸ ಶುರು ಮಾಡಿದ್ದಾಳೆ, ಟ್ಯೂನ್ ಜಾಬ್ ಯಾವ್ದೇ ಬರ್ಲಿ ಮೊದಲು ಬಲಗಡೆ ಪ್ಯಾನಲ್ ಬಿಚ್ಚಿ, ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಫೋಟೋ ತೆಗೆದು ಟಿಕೆಟ್‌ಗೆ ಹಾಕ್ತಾಳೆ, ಆಮೇಲೇ ನಂಗೆ ಮೌಸ್ ಕೊಡೋದು. ನಮ್ಮ ಸಿಸ್ಟಮ್ 2 ಎಂಬಿಗಿಂತ ದೊಡ್ಡ ಫೋಟೋ ತಗೊಳ್ಳಲ್ಲ, ಪ್ರತೀ ಸಲ ಸೈಜ್ ಕಮ್ಮಿ ಮಾಡ್ತಾ ಬೈಕೊಳ್ತಾಳೆ.