ಚಿರೆಕಲ್ಲಿನ ಅಂಗಳಕ್ಕೆ ಯಾವ ಗಿಡ?

ಕುಮಟಾ ಕಡೆ ಗುಡ್ಡದ ಬುಡದಲ್ಲಿ ಮನೆ ಇರೋರಿಗೆ ಗೊತ್ತು, ಗುದ್ದಲಿ ಹಾಕಿದ್ರೆ ಒಂದು ಗೇಣು ಮಣ್ಣು, ಆಮೇಲೆ ಟಣ್ ಅಂತ ಚಿರೆಕಲ್ಲು, ಅಂದ್ರೆ ಜಂಬಿಟ್ಟಿಗೆ. ಅಂಥ ಜಾಗಕ್ಕೆ ವರ್ಷವಿಡೀ ಹಸಿರಾಗಿರೋ ಸಣ್ಣ ಗಿಡ ಬೇಕು ಅಂತ ಅತ್ತಿಗೆ ಕೇಳ್ತಿದ್ರು, ನರ್ಸರಿಯವರು ಥೂಜಾ (ಶಂಕುವಿನಾಕಾರದ ಅಲಂಕಾರದ ಗಿಡ) ತಗೊಳ್ಳಿ ಅಂದ್ರಂತೆ. ಚಂದ ಹೌದು, ಆದ್ರೆ ಬೇರಲ್ಲಿ ನೀರು ನಿಂತ್ರೆ ಅದು ಕೊಳೆಯುತ್ತೆ, ನಮ್ಮ ಆಷಾಢದ ಮಳೇಲಿ ಕಲ್ಲಲ್ಲಿ ಕಡಿದ ಗುಂಡಿ ಅಂದ್ರೆ ಬಾನಿನೇ ಸೈ.

ನನ್ನ ವೋಟು ಕೇಪಳಕ್ಕೆ. ಗುಡ್ಡದ ಮೇಲೆ ಯಾರೂ ನೀರು ಹಾಕದೆ ಕೆಂಪು ಗೊಂಚಲು ಬಿಟ್ಕೊಂಡು ನಿಂತಿರುತ್ತಲ್ಲ ಅದೇ, ಇಕ್ಸೋರಾ ಕಾಕ್ಸಿನಿಯಾ. ಹುಳಿ ಮಣ್ಣು ಅದಕ್ಕೆ ಇಷ್ಟ, ಚಿರೆಕಲ್ಲಿನ ಮಣ್ಣು ಹುಳಿನೇ, ಕತ್ತರಿಸಿದ್ರೆ ಸೊಂಟದೆತ್ತರಕ್ಕೇ ಇಟ್ಕೋಬಹುದು, ಹಣ್ಣು ಮಕ್ಕಳಿಗೆ (ನಂಗೂ). ಸಿಮೆಂಟ್ ಗೋಡೆಗೆ ತಾಗಿಸಿ ಮಾತ್ರ ನೆಡ್ಬೇಡಿ, ಸುಣ್ಣದ ಅಂಶಕ್ಕೆ ಬೇರಿಗೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿಯುತ್ತೆ, ಜನ ಅದಕ್ಕೆ ಸುಮ್ನೆ ಯೂರಿಯಾ ಹಾಕ್ತಾರೆ.

ತಾಳ್ಮೆ ಇದ್ರೆ ಮೆಮಿಸೈಲಾನ್ ಅಂಬೆಲೇಟಮ್ ಅನ್ನೋ ಗಿಡ ನೆಡಿ. ಬೆಳೆಯೋದು ಭಾರೀ ನಿಧಾನ, ಆದ್ರೆ ಕೊಂಬೆಗೇ ಅಂಟಿಕೊಂಡು ನೀಲಿ ಹೂ ಬಿಡೋದನ್ನ ಒಮ್ಮೆ ನೋಡಿ.

ಗುಂಡಿ ಆಳಕ್ಕಿಂತ ಅಗಲ ಮಾಡಿ, ಇಳಿಜಾರಿನ ಕಡೆ ಅಂಚು ಒಡೆದು ನೀರಿಗೆ ದಾರಿ ಬಿಡಿ, ಮಣ್ಣು ದಿಬ್ಬ ಏರಿಸಿ ಅದರ ಮೇಲೆ ನೆಡಿ. ಜೂನಲ್ಲಿ ಮಳೆ ಹಿಡಿದ ಮೇಲೆ ನೆಟ್ರೆ ಸಾಕು, ಬುಡಕ್ಕೆ ದರಕು (ಒಣಗಿದ ಎಲೆ) ಹಾಕಿ, ಮೊದಲ ಬೇಸಿಗೆ ನೀರು ತಪ್ಪಿಸ್ಬೇಡಿ.