ಎಷ್ಟು ಮಿಸೈಲ್ ಬಿಟ್ಟಿದ್ದೀರಿ?

ಒಂದೂ ಇಲ್ಲ.

ನೌಕಾಪಡೆಯಲ್ಲಿ 15 ವರ್ಷ ಇದ್ದು ಊರಿಗೆ ಬಂದವನು ನಾನು. ಅದರಲ್ಲಿ ಜಾಸ್ತಿ ದಿನ ಕಳೆದದ್ದು ಫ್ರಿಗೇಟ್ ಅನ್ನುವ ಯುದ್ಧನೌಕೆಯಲ್ಲಿ, ನೀರಿನಡಿಯ ಸದ್ದು ಹಿಡಿಯುವ ಸೋನಾರ್ ಮುಂದೆ. ಅದರ ಪೂರ್ತಿ ಹೆಸರು 'ಗೈಡೆಡ್ ಮಿಸೈಲ್ ಫ್ರಿಗೇಟ್' ಅಂತ ಬಾಯಿಬಿಟ್ಟಿದ್ದೇ ತಪ್ಪಾಯ್ತು. ಕುಮಟೆಯ ಒಂದು ಮದುವೆ ಊಟದಲ್ಲಿ ಪಂಕ್ತಿಯ ಆ ತುದಿಯಿಂದ ಭಾವ ಕೂಗಿದರು, "ಎಷ್ಟು ಮಿಸೈಲ್ ಬಿಟ್ಟೆ ಮಾರಾಯಾ?" ಒಂದೂ ಇಲ್ಲ ಅಂದೆ. ಪಾಯಸ ಬಡಿಸುವವನ ಸೌಟು ಕೂಡ ಅಲ್ಲೇ ನಿಂತಿತು. "ಮತ್ತೆ ಸಂಬಳ ಯಾತಕ್ಕೆ ಕೊಟ್ರು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾಯಸ ಮಾತ್ರ ಇಳಿಯಲಿಲ್ಲ.

ಕಾಯುವುದಕ್ಕೆ ಕೊಟ್ರು ಭಾವ. 2010ರಲ್ಲಿ ಸೇವೆಗೆ ಸೇರಿದ ಶಿವಾಲಿಕ್ ಫ್ರಿಗೇಟ್ ನೋಡಿ. 142 ಮೀಟರ್ ಉದ್ದ, ಆರು ಸಾವಿರ ಟನ್ ದಾಟುವ ತೂಕ, ಒಳಗೆ ಸುಮಾರು 250 ಜನ. ಮಿಸೈಲ್ ಇಲ್ಲ ಅಂತ ಯಾರು ಹೇಳಿದರು? ವಿಮಾನ ಹೊಡೆಯಲು ಒಂದು ಬಗೆ, ಹಡಗು ಹೊಡೆಯಲು ಇನ್ನೊಂದು. ಆದರೆ ಫ್ರಿಗೇಟಿನ ಹಳೇ ಕಸುಬು ಬೇರೆ ಹಡಗುಗಳನ್ನು ಕಾಯುವುದು. ವಿಮಾನವಾಹಕ ಹಡಗು ನಡುವೆ, ನಾವು ಸುತ್ತ. ನೀರಿನಡಿ ಜಲಾಂತರ್ಗಾಮಿ ಇದೆಯಾ ಅಂತ ಕಿವಿಗೊಟ್ಟು ಕೂರಬೇಕು. ಜೋರಾಗಿ ಓಡಿದರೆ ನಮ್ಮದೇ ಗದ್ದಲ, ಏನೂ ಕೇಳಿಸುವುದಿಲ್ಲ. ಅನುಮಾನ ಬಂದರೆ ಹಿಂದಿನ ಡೆಕ್ಕಿನಿಂದ ಹೆಲಿಕಾಪ್ಟರ್ ಏಳುತ್ತದೆ. ಎಷ್ಟೋ ಸಲ ಅದು ಮೀನಿನ ಹಿಂಡು. ಇದನ್ನು ಪಂಕ್ತಿಯಲ್ಲಿ ಹೇಳಲಿಲ್ಲ. ಇನ್ನೂ ನಗುತ್ತಿದ್ದರು, ಅಲ್ವಾ?

ಕೇಳಿಸದೇ ಹೋದರೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. 1971ರ ಡಿಸೆಂಬರ್ 9ರ ರಾತ್ರಿ, ದಿಯು ಹತ್ತಿರದ ಸಮುದ್ರ. ನಮ್ಮ ನೌಕಾಪಡೆಯ ಖುಕ್ರಿ ಕೂಡ ಫ್ರಿಗೇಟೇ. ಜಲಾಂತರ್ಗಾಮಿ ಹುಡುಕಲಿಕ್ಕೇ ಹೋಗಿತ್ತು. ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ಇದನ್ನು ಮೊದಲು ಪತ್ತೆ ಮಾಡಿತು. ಟಾರ್ಪೆಡೊ ತಗುಲಿ ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ.

ಎಷ್ಟು ಸಲ ತೂಕಡಿಸಿದೆ ಅಂತ ಕೇಳಿ ಭಾವ, ಹೇಳುತ್ತೇನೆ. ಒಂದು ಸಲ. ಹೊಸಬ, ಮಧ್ಯರಾತ್ರಿಯಿಂದ ನಾಲ್ಕರವರೆಗಿನ ಕಾವಲು ಪಾಳಿ. ಕಣ್ಣು ಬಿಟ್ಟರೆ ನನ್ನ ಹೆಡ್‌ಫೋನ್ ನನ್ನ ಹಿರಿಯ ನಾವಿಕರ ಕಿವಿಯಲ್ಲಿತ್ತು. ಅವರು ಬೈಯಲಿಲ್ಲ. "ಖುಕ್ರಿ" ಅಂದರು, ಹೆಡ್‌ಫೋನ್ ವಾಪಸ್ ಕೊಟ್ಟು ಚಹಾ ಕುಡಿಯಲು ಹೋದರು.